ಜೈಪುರದಲ್ಲಿ ಕೊಂಡ ಕೆಂಪಿನ (ರೂಬಿ ಕಲ್ಲಿನ) ಓಲೆ ನಕಲಿ. ಅಂಗಡಿಯವರು ನಮ್ಮ ಪತ್ತಾರರ ಮೇಲೆ ಹಾಕುತ್ತಿದ್ದಾರೆ. ಹೇಗೆ ಸಾಬೀತು ಮಾಡಲಿ?

ಬೆಣ್ಣೆನಗರಿ:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಹರಳು, ಒಡವೆ, ಗ್ರಾಹಕರ ಕೋರ್ಟು ಇವುಗಳ ವಿಷಯ ತಿಳಿದವರು ದಯವಿಟ್ಟು ಪೂರ್ತಿ ಓದಿ ಉತ್ತರ ಕೊಡಿ.

ಈ ಜನವರಿಯಲ್ಲಿ ನಾನು, ನಮ್ಮ ಯಜಮಾನರು, ನಾದಿನಿ ಮತ್ತು ಅವಳ ಗಂಡ ರಾಜಸ್ಥಾನ ಪ್ರವಾಸಕ್ಕೆ ಹೋಗಿದ್ದೆವು. ಮಗಳಿಗೆ ಗಂಡು ಗೊತ್ತಾಗಿತ್ತು. ನಿಶ್ಚಿತಾರ್ಥಕ್ಕೆ ಜೈಪುರದ ಕಲ್ಲಿನ ಸೆಟ್ ಹಾಕಬೇಕು ಅಂತ ನನಗೆ ಬಹಳ ಆಸೆ. ಅದಕ್ಕಂತಲೇ ಚೀಟಿ ಹಾಕಿ ದುಡ್ಡು ಕೂಡಿಟ್ಟಿದ್ದೆ.

ಹವಾಮಹಲ್ ನೋಡಿದ ಮೇಲೆ ಜೋಹರಿ ಬಜಾರಿಗೆ ಹೋಗೋಣ ಅಂದರೆ ಕಾರಿನ ಡ್ರೈವರ್ ಬೇಡ ಅಂದ. ಅಲ್ಲಿ ಮೋಸ ಜಾಸ್ತಿ, ಸರ್ಕಾರದ ಮಾನ್ಯತೆ ಇರುವ ಎಂಪೋರಿಯಂ ಇದೆ, ಅಲ್ಲಿ ರೇಟು ಫಿಕ್ಸ್ ಅಂದ. ಆಮೇರ್ ಕಡೆ ಹೋಗುವ ರಸ್ತೆಯಲ್ಲಿ ಒಂದು ದೊಡ್ಡ ಮಳಿಗೆ. ಕೆಳಗೆ ಒಬ್ಬರು ಚಕ್ರದ ಮೇಲೆ ಹರಳು ಉಜ್ಜುವುದನ್ನು ತೋರಿಸಿದರು. ಮೇಲಿನ ಮಹಡಿಯಲ್ಲಿ ಟೀ ಕೊಟ್ಟು ಕೂರಿಸಿದರು. ಅಲ್ಲಿ ಒಂದು ಕುಂದನ್ ನೆಕ್ಲೇಸ್, ಅದಕ್ಕೆ ಹೊಂದುವ ಕೆಂಪಿನ ಓಲೆ ಒಂದು ಜೊತೆ ತೆಗೆದುಕೊಂಡೆ. ಎರಡೂ ಸೇರಿ 3,40,000 ರೂಪಾಯಿ. ಬಿಲ್ ಕೊಟ್ಟಿದ್ದಾರೆ. ಅದರಲ್ಲಿ 'ಕುಂದನ್ ಜಡಾವ್ ಸೆಟ್ ವಿತ್ ನ್ಯಾಚುರಲ್ ರೂಬಿ, 22 ಕ್ಯಾರೆಟ್' ಅಂತ ಇದೆ. ಜೊತೆಗೆ ಲ್ಯಾಮಿನೇಟ್ ಮಾಡಿದ ಒಂದು ಗ್ಯಾರಂಟಿ ಕಾರ್ಡು.

ಓಲೆಗೆ ಒತ್ತಿ ಹಾಕುವ ಪಿನ್ ಇತ್ತು. ಮಗಳಿಗೆ ತಿರುಪೇ ಬೇಕು, ಒತ್ತುವ ಪಿನ್ ಬಿದ್ದು ಹೋಗುತ್ತೆ ಅಂತ ಭಯ. ಹಾಗಾಗಿ ನಮ್ಮ ಪತ್ತಾರರ ಹತ್ತಿರ ಹೋದೆ. ಅವರ ತಂದೆ ನನ್ನ ತಾಳಿ ಮಾಡಿಕೊಟ್ಟವರು. ನಮ್ಮ ಅತ್ತೆಯ ಕಾಲದಿಂದ ಮನೆಯ ಕೆಲಸವೆಲ್ಲ ಅವರದೇ. ಅವತ್ತು ನಾನು ಎದುರಿಗೇ ಕೂತಿದ್ದೆ. ಒಂದು ಓಲೆಗೆ ಹಳೆಯ ಪಿನ್ ತೆಗೆದು ತಿರುಪಿನ ಕಡ್ಡಿ ಬೆಸೆದರು. ಆರಿದ ಮೇಲೆ ಹುಣಸೆ ನೀರಿನಲ್ಲಿ ಹಾಕಿ ತೊಳೆದರು. ತೆಗೆದು ನೋಡಿದರೆ ಮೇಲಿನ ದೊಡ್ಡ ಕಲ್ಲು, ಅದರ ಪಕ್ಕದ್ದೊಂದು, ಎರಡೂ ಮಬ್ಬಾಗಿದ್ದವು. ಒಳಗೆಲ್ಲ ಬಿಳಿ ಬಿಳಿ ಗೆರೆ. ಪತ್ತಾರರ ಮುಖ ಬಾಡಿ ಹೋಯಿತು. 'ಇದು ಕೆಂಪಲ್ಲ ತಾಯಿ, ಕೆಂಪಾಗಿದ್ದರೆ ಹೀಗೆ ಆಗೋದಿಲ್ಲ' ಅಂದರು. ಎರಡನೇ ಓಲೆ ಮುಟ್ಟಲಿಲ್ಲ. ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ.

ಊರಿನ ಒಂದು ದೊಡ್ಡ ಅಂಗಡಿಗೆ ತೋರಿಸಿದೆ. ಅವರು ಮಿಷನ್‌ಗೆ ಹಾಕಿ, ಚಿನ್ನ 18 ಕ್ಯಾರೆಟ್ ಹತ್ತಿರ ಬರ್ತಿದೆ, ಕಲ್ಲು ಒಳ್ಳೇದಲ್ಲ ಅಂದರು. ಜೈಪುರಕ್ಕೆ ಫೋನ್ ಮಾಡಿದೆ. ಮೊದಲು ಚೆನ್ನಾಗಿ ಮಾತಾಡಿದರು. ಪತ್ತಾರರ ವಿಷಯ ಹೇಳಿದ ಕೂಡಲೇ ಧ್ವನಿ ಬದಲಾಯಿತು. 'ನಿಮ್ಮ ಸುನಾರ್ ಕಲ್ಲು ಬದಲಾಯಿಸಿದ್ದಾನೆ, ಅವನನ್ನು ಕೇಳಿ' ಅಂದುಬಿಟ್ಟರು.

ಈಗ ಮನೆಯಲ್ಲೂ ಅದೇ ಮಾತು ಶುರುವಾಗಿದೆ. ನಾದಿನಿಯಂತೂ ಪತ್ತಾರರದೇ ಕೆಲಸ ಅಂತ ನಾಲ್ಕು ಜನರ ಮುಂದೆ ಹೇಳಿಬಿಟ್ಟಳು. ಅದು ಅವರ ಕಿವಿಗೂ ಬಿದ್ದಿದೆ. ದುಡ್ಡು ಹೋದದ್ದು ಸಂಕಟವೇ. ಆದರೆ ಕಣ್ಣೆದುರು ಕೆಲಸ ಮಾಡಿದ ಮನುಷ್ಯನಿಗೆ ಕಳ್ಳ ಅನ್ನುವ ಹೆಸರು ಬಂದದ್ದು ನನಗೆ ತಡೆಯಲು ಆಗುತ್ತಿಲ್ಲ. ಕಲ್ಲು ಮೊದಲೇ ನಕಲಿ ಇತ್ತು ಅಂತ ತೋರಿಸಲು ದಾರಿ ಇದೆಯಾ? ದುಡ್ಡು ವಾಪಸ್ ಬರುತ್ತಾ?

ಕಾವೇರಿತೀರ:

ಓದಿ ಬೇಜಾರಾಯ್ತು ಅಕ್ಕ. 'ಸರ್ಕಾರದ ಮಾನ್ಯತೆ' ಅನ್ನುವ ಮಾತು ಅಲ್ಲಿ ಎಲ್ಲ ಡ್ರೈವರ್‌ಗಳ ಬಾಯಲ್ಲೂ ಇದೆ. ನಮಗೂ ಹೇಳಿದ್ದರು. ರಾಜಸ್ಥಾನ ಸರ್ಕಾರದ ಸ್ವಂತ ಕರಕುಶಲ ಮಳಿಗೆ ಅಂದರೆ ಎಂ.ಐ. ರಸ್ತೆಯ ರಾಜಸ್ಥಲಿ. ಉಳಿದ ಖಾಸಗಿ ಎಂಪೋರಿಯಂಗಳಲ್ಲಿ ಡ್ರೈವರ್‌ಗೂ ಗೈಡ್‌ಗೂ ಕಮಿಷನ್ ಇರುತ್ತೆ, ಅದು ನಮ್ಮ ಬಿಲ್‌ನಲ್ಲೇ ಸೇರಿರುತ್ತೆ.

2024 ರ ಜೂನ್‌ನಲ್ಲಿ ಪೇಪರಿನಲ್ಲಿ ಬಂದಿತ್ತು, ನೆನಪಿದೆಯಾ? ಸುಮಾರು 6 ಕೋಟಿ ಕೊಟ್ಟು ಕೊಂಡ ಒಡವೆ ನಕಲಿ ಅಂತ ಅಮೆರಿಕದ ಮಹಿಳೆಯೊಬ್ಬರು ಜೈಪುರದ ಪೊಲೀಸರಿಗೆ ದೂರು ಕೊಟ್ಟಿದ್ದರು. ಅವರ ಹತ್ತಿರವೂ ಸರ್ಟಿಫಿಕೇಟ್ ಇತ್ತು. ಆ ಕಾರ್ಡು ನಂಬಿ ಕೂರಬೇಡಿ. ಬಿಲ್ ಮಾತ್ರ ಜೋಪಾನ.

ನಗರ್ತಪೇಟೆ ಹರಳು:

ಅಕ್ಕ, ನಾನು ಬೆಂಗಳೂರಿನ ನಗರ್ತಪೇಟೆಯಲ್ಲಿ ಹರಳು ಕಟ್ಟುವವನು. ನಮ್ಮಪ್ಪನದೂ ಇದೇ ಕೆಲಸ. ನಿಮ್ಮ ಪತ್ತಾರರ ವಿಷಯ ಓದಿದ ಮೇಲೆ ಬರೆಯದೆ ಇರಲು ಆಗಲಿಲ್ಲ.

ಮೊದಲು ಒಂದು ಮಾತು. ಎರಡನೇ ಓಲೆಯನ್ನು ಯಾರಿಗೂ ಕೊಡಬೇಡಿ. ತೊಳೆಯಬೇಡಿ, ಉಜ್ಜಬೇಡಿ, ನಿಂಬೆಹಣ್ಣು ಹುಣಸೆಹಣ್ಣು ತಾಗಿಸಬೇಡಿ. ಈಗ ಹೇಗಿದೆಯೋ ಹಾಗೇ ಒಂದು ಡಬ್ಬಿಯಲ್ಲಿಡಿ. ಬೆಂಕಿ ಕಂಡ ಓಲೆ ಒಂದು, ಕಾಣದ ಓಲೆ ಒಂದು, ಎರಡೂ ನಿಮ್ಮ ಕೈಲಿವೆ. ಇಷ್ಟು ಒಳ್ಳೆಯ ಸಾಕ್ಷಿ ಸಾಮಾನ್ಯವಾಗಿ ಯಾರಿಗೂ ಸಿಗುವುದಿಲ್ಲ.

ನೀವು ಹೇಳಿದ ಲಕ್ಷಣ ನೋಡಿದರೆ ಅದು ಸೀಸದ ಗಾಜು ತುಂಬಿದ ಕೆಂಪು. ಪೂರ್ತಿ ಗಾಜಲ್ಲ, ಪೂರ್ತಿ ಕೆಂಪೂ ಅಲ್ಲ. 2004 ರ ಸುಮಾರಿಗೆ ಈ ಮಾಲು ಮಾರುಕಟ್ಟೆಗೆ ಬಂತು. ಮಡಗಾಸ್ಕರ್, ಮೊಜಾಂಬಿಕ್ ಕಡೆಯ ಕೀಳು ದರ್ಜೆಯ ಕಲ್ಲು ತರುತ್ತಾರೆ. ಅದರ ತುಂಬ ಬಿರುಕು, ಬೆಳಕೇ ದಾಟುವುದಿಲ್ಲ. ಅದನ್ನು ಆಸಿಡ್‌ನಲ್ಲಿ ತೊಳೆದು, ಸೀಸ ಬೆರೆಸಿದ ಗಾಜಿನ ಪುಡಿ ಜೊತೆ ಕುಲುಮೆಗೆ ಹಾಕುತ್ತಾರೆ. ಗಾಜು ಕರಗಿ ಬಿರುಕಿನೊಳಗೆ ಇಳಿಯುತ್ತದೆ. ಬಿರುಕು ಬಿಟ್ಟ ಗೋಡೆಗೆ ಪುಟ್ಟಿ ತುಂಬಿ ಬಣ್ಣ ಹೊಡೆದ ಹಾಗೆ. ಸೀಸ ಯಾಕೆ ಅಂದರೆ, ಸೀಸದ ಗಾಜಿನಲ್ಲಿ ಬೆಳಕು ಬಾಗುವ ರೀತಿ ಕೆಂಪಿಗೆ ತುಂಬ ಹತ್ತಿರ. ಹಾಗಾಗಿ ಬಿರುಕು ಬರಿಗಣ್ಣಿಗೆ ಕಾಣದೆ ಕಲ್ಲು ತಿಳಿಯಾಗಿ ಹೊಳೆಯುತ್ತದೆ. ಇಂಥ ಕಲ್ಲು ಕ್ಯಾರೆಟ್‌ಗೆ ಕೆಲವು ನೂರು ರೂಪಾಯಿಗೂ ಸಿಗುತ್ತೆ. ಅದೇ ಬಣ್ಣದ, ಅದೇ ತಿಳಿಯ ಅಸಲಿ ಕೆಂಪು ಲಕ್ಷಗಟ್ಟಲೆ. (ನಮ್ಮ ಮೈಸೂರು ಸೀಮೆಯಲ್ಲೂ ಕೆಂಪು ಸಿಗುತ್ತೆ, ನಕ್ಷತ್ರದ ಗೆರೆ ಕಾಣುವಂಥದ್ದು. ಅದು ಮಂದ ಕಲ್ಲು, ಬೆಲೆಯೂ ಕಡಿಮೆ. ಆದರೆ ಅದರಲ್ಲಿ ಮೋಸವಿಲ್ಲ.)

ಈಗ ಬೆಂಕಿಯ ವಿಷಯ. ಅಸಲಿ ಕೆಂಪು ಕರಗಬೇಕಾದರೆ 2,000 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಮಾರುಕಟ್ಟೆಯ ಹೆಚ್ಚಿನ ಕೆಂಪು ಕಲ್ಲನ್ನು ಬಣ್ಣ ಏರಿಸಲು ಮೊದಲೇ ಕುಲುಮೆಯಲ್ಲಿ ಕಾಯಿಸಿರುತ್ತಾರೆ. ಅದು ಎಲ್ಲರಿಗೂ ಗೊತ್ತಿರುವ, ಒಪ್ಪಿರುವ ಪದ್ಧತಿ. ಓಲೆಗೆ ಕಡ್ಡಿ ಬೆಸೆಯುವ ಬಿಸಿ ಅದರ ಮುಂದೆ ಏನೂ ಅಲ್ಲ. ಕೆಂಪು ಕಲ್ಲು ಇದ್ದಾಗ ಪತ್ತಾರರು ಧೈರ್ಯವಾಗಿ ಬೆಸುಗೆ ಹಾಕುವುದು ಇದಕ್ಕೇ. ಪಚ್ಚೆ ಇದ್ದಿದ್ದರೆ ಖಂಡಿತ ಕಲ್ಲು ಬಿಚ್ಚಿಟ್ಟೇ ಹಾಕುತ್ತಿದ್ದರು. ಬಿಸಿಯಲ್ಲಿದ್ದದ್ದನ್ನು ದಿಢೀರನೆ ತಣ್ಣೀರಿಗೆ ಎಸೆದರೆ ಅಸಲಿ ಕೆಂಪೂ ಬಿರಿಯಬಹುದು ನಿಜ. ಆದರೆ ಅವರು ಆರಿದ ಮೇಲೆ ಹಾಕಿದರು ಅಂತ ನೀವೇ ಬರೆದಿದ್ದೀರಿ. ಮೇಲಾಗಿ ಅಸಲಿ ಕಲ್ಲು ಬಿರಿದರೆ ಒಂದೋ ಎರಡೋ ಗೆರೆ. ಒಳಗೆಲ್ಲ ಬಲೆಯಂತೆ ಬಿಳಿ ಗೆರೆ ಕಾಣುವುದು ತುಂಬಿದ ಗಾಜು ಕೆಟ್ಟಾಗ. ಬೆಂಕಿಗೆ ಗಾಜು ಕರಗುತ್ತೆ, ಹುಳಿ ಸೀಸದ ಗಾಜನ್ನು ತಿನ್ನುತ್ತೆ. ನಿಂಬೆರಸ ಸಾಕು ಇಂಥ ಕಲ್ಲು ಹಾಳಾಗಲು. ಅಸಲಿ ಕೆಂಪಿಗೆ ಹುಣಸೆ ನೀರು ಏನೂ ಮಾಡುವುದಿಲ್ಲ. ನಮ್ಮ ಕಡೆ ತಲೆಮಾರುಗಳಿಂದ ಒಡವೆ ತೊಳೆಯುವುದೇ ಅದರಲ್ಲಿ.

ಅಂದರೆ ಕಲ್ಲು ಕೆಟ್ಟದ್ದು ಪತ್ತಾರರ ತಪ್ಪಿಗೆ ಸಾಕ್ಷಿ ಅಲ್ಲ. ಒಳಗೆ ಗಾಜಿತ್ತು ಅನ್ನುವುದಕ್ಕೆ ಸಾಕ್ಷಿ. ಕಲ್ಲು ಬದಲಾಯಿಸುವವನು ಹಾಳಾದ ಕಲ್ಲು ಕೂರಿಸಿ ಮಾಲೀಕರ ಕೈಗೆ ಕೊಡುತ್ತಾನಾ? ನೀವು ಎದುರಿಗೆ ಕೂತಿರುವಾಗ?

ಇನ್ನು ಎರಡು ವಿಷಯ ತಿಳಿಸಿ. ಓಲೆಯ ಮೇಲೆ ಹಾಲ್‌ಮಾರ್ಕ್ ಇದೆಯಾ? ಅಂಗಡಿಯಲ್ಲಿ ತೆಗೆದ ಫೋಟೋ, ವಿಡಿಯೋ ಏನಾದರೂ ಇದೆಯಾ?

ಬೆಣ್ಣೆನಗರಿ:

ಅಣ್ಣ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ. ನಿಮ್ಮ ಉತ್ತರವನ್ನು ಪತ್ತಾರರ ಮಗನಿಗೆ ಕಳಿಸಿದೆ. ಅವನು ಅಪ್ಪನಿಗೆ ಓದಿ ಹೇಳಿದನಂತೆ.

ಓಲೆಯ ಹಿಂದೆ ಏನೂ ಮುದ್ರೆ ಇಲ್ಲ. ಫೋಟೋ ಹಾಕಿದ್ದೇನೆ, ನೋಡಿ. ಕುಂದನ್‌ಗೆ ಹಾಲ್‌ಮಾರ್ಕ್ ಬರಲ್ಲ ಅಂತ ಅಂಗಡಿಯವರು ಅವತ್ತೇ ಹೇಳಿದ್ದರು. ಎರಡು ಓಲೆ ಸೇರಿ 9 ಗ್ರಾಂ ಚಿಲ್ಲರೆ. ನೆಕ್ಲೇಸಿಗೆ 31 ಗ್ರಾಂ ಅಂತ ಬರೆದಿದ್ದಾರೆ, ಕಲ್ಲಿನ ತೂಕ ಬೇರೆ ಬರೆದಿಲ್ಲ.

ವಿಡಿಯೋ ಇದೆ! ನಾದಿನಿಯ ಗಂಡ ನಾನು ಕನ್ನಡಿ ಮುಂದೆ ಓಲೆ ಹಾಕಿಕೊಂಡು ನೋಡುವುದನ್ನು ತೆಗೆದಿದ್ದಾರೆ. ಹಿಂದೆ ಅಂಗಡಿಯವನು 'ಬರ್ಮಾ ರೂಬಿ' ಅನ್ನುವುದೂ ಕೇಳುತ್ತೆ. ಇನ್ನೊಂದು ವಿಷಯ. ನಾದಿನಿ ಕೂಡ ಅದೇ ಅಂಗಡಿಯಲ್ಲಿ ಅವತ್ತೇ ಒಂದು ಕೆಂಪಿನ ಉಂಗುರ ಕೊಂಡಿದ್ದಳು. ಅದನ್ನು ಯಾವ ಪತ್ತಾರರಿಗೂ ಕೊಟ್ಟಿಲ್ಲ, ಕೈಯಲ್ಲೇ ಇದೆ.

ನಗರ್ತಪೇಟೆ ಹರಳು:

ಅಕ್ಕ, ಆ ಉಂಗುರವೇ ಕೀಲಿ. ನಾದಿನಿಯನ್ನು ಒಪ್ಪಿಸಿ. ಉಂಗುರದಲ್ಲೂ ಅದೇ ಗಾಜು ಇದ್ದರೆ ಪತ್ತಾರರ ಮೇಲಿನ ಆರೋಪ ಬಿದ್ದುಹೋಗುತ್ತೆ.

ಮನೆಯಲ್ಲೇ ಒಂದು ಅಂದಾಜು ಮಾಡಬಹುದು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಿಗುತ್ತೆ, ನಾವು ಲೂಪ್ ಅನ್ನುತ್ತೇವೆ. ನಿಮ್ಮ ಪತ್ತಾರರ ಹತ್ತಿರವೂ ಇದ್ದೀತು, ಆದರೆ ಈ ಸಮಯದಲ್ಲಿ ಬೇರೆಯವರಿಂದ ತನ್ನಿ, ಮಾತು ಬೆಳೆಯುವುದು ಬೇಡ. ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕದಿಂದ ಹಿಡಿದು ನಿಧಾನಕ್ಕೆ ಓಲಾಡಿಸಿ. ಗಾಜು ತುಂಬಿದ ಕಲ್ಲಿನೊಳಗೆ ಸಣ್ಣ ಗುಂಡು ಗುಳ್ಳೆಗಳು, ಕೆಲವು ಚಪ್ಪಟೆಯಾದವು, ಕಾಣುತ್ತವೆ. ಒಂದು ಕೋನದಲ್ಲಿ ಬಿರುಕಿನ ಮೇಲೆ ನೀಲಿ ಮಿಂಚು ಹಾದುಹೋಗುತ್ತದೆ. ಕೆಂಪು ಕಲ್ಲಿನೊಳಗೆ ನೀಲಿ ಮಿಂಚು ಕಂಡರೆ ನನಗೆ ಬೇರೆ ಏನೂ ಬೇಡ.

ಆದರೆ ಇದು ನಿಮ್ಮ ಸಮಾಧಾನಕ್ಕೆ ಮಾತ್ರ. ಕೋರ್ಟಿಗೆ ಲ್ಯಾಬ್ ರಿಪೋರ್ಟೇ ಬೇಕು. ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್ ಹುಡುಕಿ. ಜೈಪುರದಲ್ಲೇ ಹರಳು ಮತ್ತು ಆಭರಣ ರಫ್ತು ಮಂಡಳಿ 1972 ರಲ್ಲಿ ಶುರು ಮಾಡಿದ ಲ್ಯಾಬ್ ಇದೆ, ಅವರ ಮಾತಿಗೆ ಆ ಊರಿನ ಯಾವ ವ್ಯಾಪಾರಿಯೂ ಎದುರಾಡುವುದು ಕಷ್ಟ. ನಿಮಗೆ ಕೊಟ್ಟ ಕಾರ್ಡಿನಲ್ಲಿ ಲ್ಯಾಬಿನ ಹೆಸರು, ರಿಪೋರ್ಟ್ ನಂಬರ್ ಇದೆಯಾ ನೋಡಿ. ಒಳ್ಳೆಯ ಲ್ಯಾಬ್ ಆದರೆ ಅವರ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದರೆ ಕಲ್ಲಿನ ತೂಕ, ಅಳತೆ ಎಲ್ಲ ಬರಬೇಕು. ನಂಬರೇ ಇಲ್ಲದಿದ್ದರೆ ಅದು ಅಂಗಡಿಯವರೇ ಮುದ್ರಿಸಿದ ಕಾಗದ.

ಹಾಲ್‌ಮಾರ್ಕ್ ವಿಷಯದಲ್ಲಿ ಅವರು ಅರ್ಧ ನಿಜ ಹೇಳಿದ್ದಾರೆ. ಕುಂದನ್, ಪೋಲ್ಕಿ (ಕತ್ತರಿಸದ ವಜ್ರದ ಕೆಲಸ), ಜಡಾವ್ (ಚಿನ್ನದೊಳಗೆ ಒತ್ತಿ ಕಲ್ಲು ಕೂರಿಸುವ ಕೆಲಸ) ಈ ಮೂರಕ್ಕೆ ಕಡ್ಡಾಯದಿಂದ ವಿನಾಯಿತಿ ಇದೆ. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೂ ಇದೆ. ಆದರೆ ಫೋಟೋದಲ್ಲಿ ನೋಡಿದರೆ ನಿಮ್ಮ ಓಲೆ ಕುಂದನ್ ಕೆಲಸವೇ ಅಲ್ಲ. ಕುಂದನ್ ಅಂದರೆ ಒಳಗೆ ಅರಗು ತುಂಬಿ, ಅದರ ಮೇಲೆ ಕಲ್ಲು ಕೂರಿಸಿ, ಸುತ್ತ ಅಪ್ಪಟ ಚಿನ್ನದ ಹಾಳೆ ಒತ್ತುವುದು. ಅದಕ್ಕೆ ಬೆಸುಗೆಯ ಬಿಸಿ ತಾಗಿದರೆ ಅರಗು ಕರಗಿ ಹರಿದುಬಿಡುತ್ತೆ. ನಿಮ್ಮ ಪತ್ತಾರರು ನೆಕ್ಲೇಸ್ ಮುಟ್ಟದೆ ಓಲೆಗೆ ಮಾತ್ರ ಬೆಸುಗೆ ಹಾಕಿದ್ದೇ ಅದಕ್ಕೆ. ಓಲೆ ಸಾಧಾರಣ ಕಟ್ಟಡದ ಚಿನ್ನದ ಒಡವೆ. ಅದಕ್ಕೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮುದ್ರೆ, 22 ಕ್ಯಾರೆಟ್ ಅಂದರೆ 916, ಆರು ಅಕ್ಷರ ಅಂಕೆಗಳ ಎಚ್‌ಯುಐಡಿ (ಆ ಒಡವೆಯದೇ ಗುರುತಿನ ಸಂಖ್ಯೆ) ಇರಲೇಬೇಕಿತ್ತು. 2023 ರ ಏಪ್ರಿಲ್ 1 ರಿಂದ ಎಚ್‌ಯುಐಡಿ ಇಲ್ಲದೆ ಮಾರುವಂತಿಲ್ಲ. ಎರಡನ್ನೂ ಒಂದೇ 'ಕುಂದನ್ ಸೆಟ್' ಅಂತ ಬಿಲ್ ಮಾಡಿ ತಪ್ಪಿಸಿಕೊಂಡಿದ್ದಾರೆ.

ನೆಕ್ಲೇಸ್ ಬಗ್ಗೆ ನನಗೆ ಓಲೆಗಿಂತ ಜಾಸ್ತಿ ಅನುಮಾನ. 31 ಗ್ರಾಂ ಅಂತ ಬರೆದು ಕಲ್ಲಿನ ತೂಕ, ಅರಗಿನ ತೂಕ ಬೇರೆ ಮಾಡಿಲ್ಲ ಅಂದರೆ ಅರಗಿಗೂ ಚಿನ್ನದ ಬೆಲೆ ಹಾಕಿರಬಹುದು. ಜಡಾವ್ ಒಡವೆ ಕೊಳ್ಳುವಾಗ ಗ್ರಾಸ್ ತೂಕ (ಎಲ್ಲ ಸೇರಿ), ನೆಟ್ ತೂಕ (ಬರೀ ಚಿನ್ನದ್ದು) ಎರಡೂ ಬರೆಸಿಕೊಳ್ಳುವುದು ಇದಕ್ಕೆ. ಇನ್ನು ಅದನ್ನು ಮಿಷನ್‌ಗೆ ಹಾಕಿಸಿ ಸಮಾಧಾನ ಪಡಬೇಡಿ. ಆ ಮಿಷನ್ ಮೇಲ್ಮೈ ಮಾತ್ರ ಓದುತ್ತೆ. ಮುಂಭಾಗದಲ್ಲಿ ಕುಂದನ್ ಹಾಳೆ ಇರುವುದರಿಂದ 24 ಕ್ಯಾರೆಟ್ ಹತ್ತಿರ ತೋರಿಸಿಬಿಡುತ್ತೆ. ಓಲೆಯಲ್ಲೂ ಬೆಸುಗೆ ಹಾಕಿದ ಜಾಗದಲ್ಲಿ ಹಿಡಿದರೆ ಕಡಿಮೆ ಬರುತ್ತೆ. ಹಾಗಾಗಿ ಮುಟ್ಟದ ಓಲೆಯನ್ನು ಬಿಐಎಸ್ ಮಾನ್ಯತೆಯ ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ ಒಯ್ಯಿರಿ. ಸಾಮಾನ್ಯ ಗ್ರಾಹಕರಿಗೂ ಪರೀಕ್ಷೆ ಮಾಡಿ ರಿಪೋರ್ಟ್ ಕೊಡುತ್ತಾರೆ, ಖರ್ಚು ಕೆಲವು ನೂರು ರೂಪಾಯಿ ಅಷ್ಟೇ. ಕೆರೆದು ಅಥವಾ ಕರಗಿಸಿ ನೋಡಲು ಒಪ್ಪಬೇಡಿ, ಮೇಲ್ಮೈ ಪರೀಕ್ಷೆ ಸಾಕು ಅಂತ ಹೇಳಿ.

ತುಂಗೆಯ ಮಗ:

ಎಲ್ಲರೂ ತುಂಬ ಹುರುಪು ಕೊಡ್ತಿದ್ದೀರಿ. ನಾನು ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಜೈಪುರ ಎಲ್ಲಿ, ದಾವಣಗೆರೆ ಎಲ್ಲಿ. ಕೇಸು ಅಂತ ಓಡಾಡಿದರೆ ಇರೋ ದುಡ್ಡೂ ಹೋಗುತ್ತೆ. ಅಂಗಡಿಯವರ ಜೊತೆ ಮಾತಾಡಿ ಅರ್ಧ ವಾಪಸ್ ಕೊಟ್ಟರೆ ತಗೊಂಡು ಬಿಟ್ಟುಬಿಡಿ. ಮಗಳ ನಿಶ್ಚಿತಾರ್ಥದ ಸಮಯ ಬೇರೆ.

ಧಾರವಾಡ ಕರಿಕೋಟು:

ಮೇಲಿನವರ ಕಾಳಜಿ ಅರ್ಥ ಆಗುತ್ತದರೀ. ಆದರೆ ಕಾನೂನು ಈಗ ಹಾಗಿಲ್ಲ. ನಾನು ಗ್ರಾಹಕ ಪ್ರಕರಣ ನಡೆಸುವ ವಕೀಲ. ಅಕ್ಕಾರ ಜೈಪುರಕ್ಕೆ ಕಾಲಿಡಬೇಕಾಗಿಲ್ಲ.

2019 ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರರು ಇರುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಹಳೆಯ 1986 ರ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ, ಅಂಗಡಿ ಇರುವ ಊರಿಗೇ ಹೋಗಬೇಕಿತ್ತು. ಜನ ಇನ್ನೂ ಅದೇ ತಲೆಯಲ್ಲಿ ಇಟ್ಟುಕೊಂಡು ಕೈಬಿಡುತ್ತಾರೆ. ನನಗೆ ಬಹಳ ನೋವಾಗುವ ವಿಷಯ ಇದು. ನೀವು ಕೊಟ್ಟ ಬೆಲೆ 5 ಲಕ್ಷದ ಒಳಗಿದೆ, ಆದ್ದರಿಂದ ಆಯೋಗದ ಶುಲ್ಕ ಸೊನ್ನೆ. ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಮೊದಲು ಇ-ದಾಖಿಲ್ ಅಂತಿತ್ತು, ಈಗ ಇ-ಜಾಗೃತಿ. ವಿಡಿಯೋ ಮೂಲಕ ಹಾಜರಾಗಲು ಕೇಳಿಕೊಳ್ಳುವ ಅವಕಾಶವೂ ಇದೆ. ವಕೀಲರು ಬೇಕೇ ಬೇಕು ಅಂತಿಲ್ಲ. ಎರಡು ವರ್ಷದ ಒಳಗೆ ದೂರು ಸಲ್ಲಿಸಬೇಕು. ನಿಮಗೆ ಸಮಯ ಬೇಕಾದಷ್ಟಿದೆ, ಆದರೂ ತಡ ಮಾಡಬೇಡಿ.

ಕಲ್ಲಿನ ಪರೀಕ್ಷೆ ಬಗ್ಗೆ ನಗರ್ತಪೇಟೆಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನೀವೇ ಲ್ಯಾಬಿಗೆ ಕಳಿಸಿ ರಿಪೋರ್ಟ್ ತಂದರೆ, 'ಕಳಿಸಿದ ಕಲ್ಲು ನಮ್ಮದಲ್ಲ' ಅಂತ ಎದುರಿನವರು ಹೇಳಬಹುದು. ಅದಕ್ಕೇ ಕಾಯ್ದೆಯ 38ನೇ ಕಲಂ ಇದೆ. ಆಯೋಗವೇ ವಸ್ತುವನ್ನು ಸೀಲ್ ಮಾಡಿ ಲ್ಯಾಬಿಗೆ ಕಳಿಸಿ, 45 ದಿನದಲ್ಲಿ ವರದಿ ಕೇಳಬಹುದು. ದೂರಿನ ಜೊತೆಗೇ ಇದಕ್ಕೊಂದು ಅರ್ಜಿ ಹಾಕಿ. ಆದರೂ ನಿಮ್ಮ ಕಡೆಯಿಂದ ಮೊದಲೇ ಒಂದು ರಿಪೋರ್ಟ್ ಇರಲಿ. ನೋಟಿಸ್ ಗಟ್ಟಿಯಾಗುತ್ತದೆ.

ಬಿಲ್‌ನಲ್ಲಿ 'ನ್ಯಾಚುರಲ್ ರೂಬಿ' ಅಂತ ಬರೆದಿದ್ದಾರಲ್ಲ, ಅದು ನಿಮ್ಮ ಬಲ. 'ರೂಬಿ' ಅಂತಷ್ಟೇ ಇದ್ದಿದ್ದರೆ, ಗಾಜು ತುಂಬಿದ್ದೂ ರೂಬಿಯೇ ಅಂತ ವಾದ ಮಾಡುತ್ತಿದ್ದರು. ಈಗಲೂ ಮಾಡಬಹುದು. ಆದರೆ ತುಂಬಿದ್ದನ್ನು ಹೇಳದೆ ಅಸಲಿಯ ಬೆಲೆ ತಗೊಂಡದ್ದು ಅನುಚಿತ ವ್ಯಾಪಾರ ಪದ್ಧತಿಯೇ ಆಗುತ್ತದೆ.

ಬಿಲ್ ಮೇಲೆ ಜಿಎಸ್‌ಟಿ ನಂಬರ್ ನೋಡಿರಿ. 15 ಅಕ್ಷರ ಇರಬೇಕು, ರಾಜಸ್ಥಾನದ್ದಾದರೆ 08 ರಿಂದ ಶುರುವಾಗಬೇಕು. ನಮ್ಮದು 29. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ, ಎಲ್ಲಿಯ ವಿಳಾಸ ಅಂತ ಬರುತ್ತದೆ. ನೋಟಿಸ್ ಆ ಹೆಸರಿಗೇ ಹೋಗಬೇಕು, ಬೋರ್ಡಿನ ಹೆಸರಿಗಲ್ಲ. ಒಡವೆಗೆ ಶೇಕಡಾ 3 ಜಿಎಸ್‌ಟಿ ಹಾಕಿದ್ದಾರಾ ಅದನ್ನೂ ನೋಡಿರಿ. ಅಲ್ಲಿ 'ಎಸ್ಟಿಮೇಟ್' ಅಂತ ಬರೆದಿದ್ದರೆ ಅದು ಬಿಲ್ ಅಲ್ಲ, ಕಚ್ಚಾ ಚೀಟಿ. ಆಗ ನಿಮ್ಮ ಕಾರ್ಡಿನ ಅಥವಾ ಯುಪಿಐ ಪಾವತಿಯ ದಾಖಲೆಯೇ ಆಧಾರ.

ದೂರಿಗೂ ಮೊದಲು 1915 ಕ್ಕೆ ಫೋನ್ ಮಾಡಿರಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಎಷ್ಟೋ ಅಂಗಡಿಯವರು ಅಲ್ಲಿಂದ ಪತ್ರ ಬಂದ ಕೂಡಲೇ ಮೆತ್ತಗಾಗುತ್ತಾರೆ. ಹಾಲ್‌ಮಾರ್ಕ್ ಇಲ್ಲದ್ದಕ್ಕೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಬೇರೆ ದೂರು ಹಾಕಿರಿ. ಪೊಲೀಸ್ ದೂರು ಬೇಕೆಂದರೆ ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ. ಊರಿನ ಠಾಣೆಯಲ್ಲೇ ಕೊಡಬಹುದು, ಅವರು ಜೈಪುರಕ್ಕೆ ವರ್ಗಾಯಿಸುತ್ತಾರೆ. ನಾನಾದರೆ ಮೊದಲು ಗ್ರಾಹಕ ಆಯೋಗದ ದಾರಿಯನ್ನೇ ಹಿಡಿಯುತ್ತಿದ್ದೆ.

ಅರ್ಧ ದುಡ್ಡಿನ ರಾಜಿ ಬಗ್ಗೆ ಒಂದು ಎಚ್ಚರಿಕೆ. 'ಒಡವೆ ವಾಪಸ್ ಕಳಿಸಿ, ನೋಡಿ ಹೇಳ್ತೀವಿ' ಅಂತ ಅವರು ಅಂದರೆ ಕಳಿಸಲೇಬೇಡಿರಿ. ಸಾಕ್ಷಿ ಅವರ ಕೈಗೆ ಹೋಗುತ್ತದೆ. ದುಡ್ಡು ಖಾತೆಗೆ ಬಂದ ಮೇಲೆಯೇ ವಸ್ತು.

ಬೆಣ್ಣೆನಗರಿ:

ಎಲ್ಲರಿಗೂ ಕೈ ಮುಗಿಯುತ್ತೇನೆ. ತುಂಗೆಯ ಮಗ ಅವರೇ, ನಿಮ್ಮ ಮಾತನ್ನು ನಮ್ಮ ಯಜಮಾನರೂ ಹೇಳಿದ್ದರು. ಅರ್ಧ ದುಡ್ಡಿಗೆ ಸುಮ್ಮನಾದರೆ ಪತ್ತಾರರೇ ಮಾಡಿದರು ಅಂತ ನಾವೇ ಒಪ್ಪಿಕೊಂಡ ಹಾಗೆ ಆಗುತ್ತೆ, ಅದು ನನ್ನಿಂದ ಆಗದು.

ನಾದಿನಿ ಮೊದಲು ಉಂಗುರ ಕೊಡಲು ಒಪ್ಪಲಿಲ್ಲ. 'ನನ್ನದು ಚೆನ್ನಾಗೇ ಇದೆ, ಯಾಕೆ ಕೆಡಿಸ್ತೀಯ' ಅಂತ ಜಗಳವೇ ಆಯಿತು. ನಗರ್ತಪೇಟೆ ಅಣ್ಣನ ಉತ್ತರವನ್ನು ಅವಳ ಗಂಡನಿಗೆ ಓದಲು ಕೊಟ್ಟೆ. ಅವರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವರು. ಓದಿ ಸುಮ್ಮನೆ ಎದ್ದು ಹೋಗಿ ಕಾಲೇಜಿನಿಂದ ಭೂತಗನ್ನಡಿ ತಂದರು. ಮೇಜಿನ ಮೇಲೆ ಬಿಳಿ ಹಾಳೆ ಹಾಸಿ ಟಾರ್ಚ್ ಹಿಡಿದು ಮೊದಲು ಮುಟ್ಟದ ಓಲೆ ನೋಡಿದರು, ಆಮೇಲೆ ಉಂಗುರ. ಎರಡರಲ್ಲೂ ಗುಳ್ಳೆ. ಉಂಗುರದಲ್ಲಿ ನೀಲಿ ಮಿಂಚು ಎಷ್ಟು ಸ್ಪಷ್ಟ ಅಂದರೆ ನನಗೂ ಕಂಡಿತು. ನಾದಿನಿ ಬಹಳ ಹೊತ್ತು ನೋಡಿದಳು. ಅವಳ ದುಡ್ಡೂ ಹೋಗಿದೆ ಪಾಪ. ಅವಳಿಗೂ ಅಷ್ಟೇ ನೋವು.

ಮಾರನೆ ದಿನ ಅವಳೇ ನನ್ನ ಜೊತೆ ಪತ್ತಾರರ ಮನೆಗೆ ಬಂದಳು. ಅಲ್ಲಿ ಏನು ಮಾತಾಯಿತು ಅಂತ ಇಲ್ಲಿ ಬರೆಯುವುದಿಲ್ಲ. ಅದು ಅವರಿಬ್ಬರ ನಡುವೆ ಇರಲಿ.

ಬಿಲ್ ನೋಡಿದೆವು. ನಂಬರ್ 08 ರಿಂದಲೇ ಶುರುವಾಗುತ್ತೆ. ಪೋರ್ಟಲ್‌ನಲ್ಲಿ ಹಾಕಿದರೆ ಬೋರ್ಡಿನ ಹೆಸರು ಬರಲಿಲ್ಲ, ಬೇರೆ ಒಬ್ಬರ ಹೆಸರು ಬಂತು. ಕಾರ್ಡಿನ ಮೇಲೆ ಲ್ಯಾಬಿನ ಹೆಸರೂ ಇಲ್ಲ, ನಂಬರೂ ಇಲ್ಲ. 1915 ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ತೆಗೆದುಕೊಂಡಿದ್ದೇನೆ.

ವಕೀಲರೇ, ಎರಡು ಪ್ರಶ್ನೆ. ನಾನು, ನಾದಿನಿ ಇಬ್ಬರೂ ಸೇರಿ ಒಂದೇ ದೂರು ಕೊಡಬಹುದಾ? ಪತ್ತಾರರಿಂದ ಏನಾದರೂ ಬರೆಸಿಕೊಳ್ಳಬೇಕಾ?

ಧಾರವಾಡ ಕರಿಕೋಟು:

ಬಿಲ್ ಬೇರೆ ಬೇರೆ ಇದ್ದರೆ ದೂರೂ ಬೇರೆ ಬೇರೆ ಕೊಡಿರಿ, ಗೊಂದಲ ಇರುವುದಿಲ್ಲ. ಎರಡೂ ಒಂದೇ ದಿನ ಸಲ್ಲಿಸಿ, ಒಟ್ಟಿಗೆ ವಿಚಾರಣೆ ಮಾಡಿ ಅಂತ ಕೋರಿಕೆ ಹಾಕಿರಿ. ನಿಮ್ಮ ದೂರಿನಲ್ಲಿ ಅವರ ಉಂಗುರದ ರಿಪೋರ್ಟ್, ಅವರ ದೂರಿನಲ್ಲಿ ನಿಮ್ಮ ಓಲೆಯ ರಿಪೋರ್ಟ್ ಲಗತ್ತಿಸಿರಿ.

ಪತ್ತಾರರಿಂದ ಅಫಿಡವಿಟ್ ಬೇಕು. ಯಾವ ದಿನ, ಯಾವ ಓಲೆ, ಏನು ಕೆಲಸ, ಯಾರ ಎದುರಿಗೆ, ಕಲ್ಲು ಬಿಚ್ಚಿಲ್ಲ, ಇಷ್ಟು ಸಾಕು. ನೋಟರಿ ಮಾಡಿಸಿರಿ. ನೀವೂ ಎದುರಿಗೆ ಕೂತು ನೋಡಿದ್ದನ್ನು ನಿಮ್ಮ ಅಫಿಡವಿಟ್‌ನಲ್ಲಿ ಬರೆಯಿರಿ. ವಿಡಿಯೋ ಕೊಡುವಾಗ ಅದಕ್ಕೆ ಪ್ರಮಾಣಪತ್ರ ಬೇಕು, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ. ವಿಡಿಯೋ ತೆಗೆದ ಮೊಬೈಲಿನಿಂದ ಅದನ್ನು ಅಳಿಸಬೇಡಿರಿ, ಮೊಬೈಲ್ ಬದಲಾಯಿಸಲೂ ಬೇಡಿರಿ.

ನೋಟಿಸನ್ನು ಸ್ಪೀಡ್ ಪೋಸ್ಟ್‌ನಲ್ಲಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಬಂದ ಹೆಸರಿಗೂ ಮಳಿಗೆಯ ವಿಳಾಸಕ್ಕೂ ಕಳಿಸಿರಿ. 15 ದಿನದ ಗಡುವು ಕೊಡಿರಿ.

ನಗರ್ತಪೇಟೆ ಹರಳು:

ಅಕ್ಕ, ಲ್ಯಾಬಿಗೆ ಕೊಡುವ ಮೊದಲು ಎರಡು ಓಲೆ, ಉಂಗುರ, ನೆಕ್ಲೇಸ್ ನಾಲ್ಕನ್ನೂ ತೂಗಿಸಿ, ಮುಂದೆ ಹಿಂದೆ ಹತ್ತಿರದಿಂದ ಫೋಟೋ ತೆಗೆದಿಡಿ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆಯಿರಿ. ಕೊಡುವಾಗ ಅವರ ರಸೀದಿಯಲ್ಲಿ ತೂಕ ಬರೆಸಿಕೊಳ್ಳಿ.

ಮಬ್ಬಾದ ಕಲ್ಲು ಬದಲಾಯಿಸುವ ಕೆಲಸ ಕೇಸು ಮುಗಿಯುವವರೆಗೆ ಬೇಡ. ನಿಶ್ಚಿತಾರ್ಥಕ್ಕೆ ಮಗಳಿಗೆ ಬೇರೆ ಓಲೆ ಬೇಕಾದರೆ ನಿಮ್ಮ ಪತ್ತಾರರಿಗೇ ಹೇಳಿ. ಒಳ್ಳೆಯ ಕೆಂಪು ಬೇಕು ಅಂದರೆ ನಾನು ಇಲ್ಲಿಂದ ಲ್ಯಾಬ್ ರಿಪೋರ್ಟ್ ಸಮೇತ ಅವರ ಹೆಸರಿಗೇ ಕಳಿಸುತ್ತೇನೆ, ಅವರೇ ನೋಡಿ ಒಪ್ಪಿದರೆ ಕಟ್ಟಲಿ.